ಟ್ರ್ಯಾಕ್ಟರ್ ಒಡೆಸುವ ಮೊದಲು ಒಮ್ಮೆ ತೊಳೆದು ನೋಡಿ

ನಮಸ್ಕಾರ ಅಣ್ಣ. ಮೂರು ಸಿಲಿಂಡರಿನ ಹಳೇ ಟ್ರ್ಯಾಕ್ಟರ್, ಬೆಳಗ್ಗೆ ಎದ್ದು ನೋಡಿದರೆ ಕ್ಲಚ್ ಹೌಸಿಂಗ್ (ಎಂಜಿನ್, ಗೇರ್ ಬಾಕ್ಸ್ ನಡುವೆ ಕ್ಲಚ್ ಕೂರುವ ಗೂಡು) ಕೆಳಗೆ ರೂಪಾಯಿ ಅಗಲದ ಕಲೆ, 50 ಗಂಟೆ ದುಡಿಸಿದರೆ ಮುಕ್ಕಾಲು ಲೀಟರ್ ಆಯಿಲ್ ಕಮ್ಮಿ ಅಂದಿದ್ದೀರಿ. ಮೆಕ್ಯಾನಿಕ್ ಬಂದು ‘ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ ಹಿಂಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಸುತ್ತ ಆಯಿಲ್ ತಡೆಯುವ ಉಂಗುರ) ಹೋಗಿದೆ, ಗಾಡಿ ಒಡೆದು ಎರಡು ಭಾಗ ಮಾಡಬೇಕು’ ಅಂದಿದ್ದಾರೆ. ನಾಲೆಗೆ ನೀರು ಬಿಡುವುದರೊಳಗೆ ಕೆಲಸ ಮುಗಿಯುತ್ತಾ ಅನ್ನೋದು ನಿಮ್ಮ ಚಿಂತೆ. ದಯವಿಟ್ಟು ಈಗಲೇ ಒಡೆಸಬೇಡಿ.

ನಾಲ್ಕು ವರ್ಷದ ಹಿಂದೆ ಇದೇ ಮಾತು ನಂಬಿ ನಾನು ಒಡೆಸಿದೆ. ಐದು ದಿನ ಗಾಡಿ ಶೆಡ್ಡಿನಲ್ಲೇ ನಿಂತಿತು. ಹೊಸ ಸೀಲ್ ಹಾಕಿಸಿ ತಂದು ಎರಡು ದಿನ ರೋಟವೇಟರ್ ಹೊಡೆದೆ. ಮೂರನೇ ಬೆಳಗ್ಗೆ ಅದೇ ಜಾಗದಲ್ಲಿ ಅದೇ ಕಲೆ. ಸೋರುತ್ತಿದ್ದದ್ದು ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ. ಅಲ್ಲಿಂದ ಇಳಿದ ಆಯಿಲ್ ಬ್ಲಾಕಿನ ಬೆನ್ನ ಮೇಲೆ ಹರಿದು, ಕ್ಲಚ್ ಹೌಸಿಂಗ್ ಅಂಚು ಹಿಡಿದು, ಅತ್ಯಂತ ತಗ್ಗಿನ ಜಾಗದಲ್ಲಿ ತೊಟ್ಟಿಕ್ಕುತ್ತಿತ್ತು. ಮುಂದೆ ಸೋರಿದರೂ ರೇಡಿಯೇಟರ್ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೇ ತಳ್ಳುತ್ತದೆ. ಹಾಗಾಗಿ ಹನಿ ಬೀಳುವ ಜಾಗ ನೋಡಿ ಏನನ್ನೂ ತೀರ್ಮಾನಿಸಬೇಡಿ. ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು, ಅದನ್ನು ಹುಡುಕಿ.

ಮುಕ್ಕಾಲು ಲೀಟರ್ ಅಂದರೆ ಭಾರೀ ಸೋರಿಕೆ ಅನಿಸುತ್ತದೆ. ಆದರೆ 1 ಮಿಲಿಲೀಟರಿಗೆ ಸುಮಾರು 25 ಹನಿ ಹಿಡಿಯಿರಿ. ಎಂಜಿನ್ ಓಡುವಾಗ 10 ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 360 ಹನಿ, ಹೆಚ್ಚುಕಮ್ಮಿ 14 ಮಿಲಿಲೀಟರ್. 50 ಗಂಟೆಗೆ 700 ದಾಟುತ್ತದೆ. ಎರಡು ಭಾಗಗಳ ನಡುವೆ ಸೋರದಂತೆ ಕೂರಿಸುವ ಸಣ್ಣ ಪ್ಯಾಕಿಂಗ್ ಒಂದು ಹಾಳಾದರೆ ಇಷ್ಟನ್ನು ಆರಾಮಾಗಿ ಬಿಡಬಲ್ಲದು.

ಮೊದಲು ಅದು ಯಾವ ಆಯಿಲ್ ಅಂತ ನೋಡಿ. ಕ್ಲಚ್ ಹೌಸಿಂಗ್ ತಳದಲ್ಲಿ ಸ್ಪ್ಲಿಟ್ ಪಿನ್ ಹಾಕಿದ ಸಣ್ಣ ತೂತು ಇರುತ್ತದೆ. ಕೆಸರಿನ ಗದ್ದೆಯಲ್ಲಿ ಓಡಿಸುವವರ ಗಾಡಿಯಲ್ಲಿ ಅದು ಮಣ್ಣು ಮೆತ್ತಿ ಮುಚ್ಚಿಹೋಗಿರುವುದೇ ಹೆಚ್ಚು. ಮುಚ್ಚಿದ್ದರೆ ತಂತಿ ಹಾಕಿ ಬಿಡಿಸಿ, ಇಲ್ಲವಾದರೆ ಒಳಗೆ ನಿಂತ ಆಯಿಲ್ ಕ್ಲಚ್ ಪ್ಲೇಟಿಗೆ ಹತ್ತುತ್ತದೆ. ಆ ತೂತಿನಿಂದ ಬಂದ ಹನಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಮಸಿಯಂತೆ ಕಪ್ಪಾಗಿದ್ದರೆ ಎಂಜಿನ್ ಆಯಿಲ್. ಜೇನಿನ ಬಣ್ಣ, ಗಂಧಕದಂಥ ಘಾಟು ಇದ್ದರೆ ಗೇರ್ ಬಾಕ್ಸಿನದು, ಅದಕ್ಕೆ ಕ್ರ್ಯಾಂಕ್ ಸೀಲ್ ಬದಲಿಸಿದರೆ ಏನೂ ಆಗುವುದಿಲ್ಲ. ತೂತು ಒಣಗಿದ್ದು ಹೌಸಿಂಗಿನ ಹೊರಮೈ ಮಾತ್ರ ಒದ್ದೆ ಇದ್ದರೆ ಸೋರಿಕೆ ಮೇಲಿನಿಂದಲೇ ಬರುತ್ತಿದೆ.

ಆಮೇಲೆ ತೊಳೆಯಿರಿ. ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್, ಸ್ಟಾರ್ಟರ್, ಏರ್ ಕ್ಲೀನರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಡೀಸೆಲ್ ಹಚ್ಚಿ ಹಳೇ ಬ್ರಷ್ಷಿನಿಂದ ಜಿಡ್ಡು ಉಜ್ಜಿ, ಸೋಪಿನ ಪುಡಿ ನೀರಿನಿಂದ ತೊಳೆದು, ಬಿಸಿಲಿಗೆ ಪೂರ್ತಿ ಒಣಗಲು ಬಿಡಿ. ಆ ನೀರು ಬಾವಿ, ಬೋರ್‌ವೆಲ್ ಕಡೆ ಹರಿಯದ ಜಾಗ ನೋಡಿಕೊಳ್ಳಿ. ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಬಟ್ಟೆಯಲ್ಲಿ ಕಟ್ಟಿ ತಟ್ಟಿ ತಟ್ಟಿ ಬ್ಲಾಕಿನ ಸುತ್ತ ಉದುರಿಸಿ. ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ, ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ. ನಮ್ಮದರಲ್ಲಿ ಬಿಳೀ ಪುಡಿಯ ಮೇಲೆ ಕವರಿನ ಮೂಲೆಯಿಂದ ಹೊರಟ ಕಡ್ಡಿಯಷ್ಟು ತೆಳು ಕಪ್ಪು ಗೆರೆ ಕಂಡಾಗ ಹೊಟ್ಟೆ ಉರಿದುಹೋಯಿತು. ಏನೂ ಕಾಣದಿದ್ದರೆ ಒಂದು ಗಂಟೆ ಉಳುಮೆ ಮಾಡಿ ಮತ್ತೆ ನೋಡಿ. ಕೆಲವು ಸೋರಿಕೆ ಲೋಡ್ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ.

ಬ್ರೀದರ್ ಪೈಪ್ ಮರೆಯಲೇಬೇಡಿ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ ಅದು. ಮುಚ್ಚಿಕೊಂಡರೆ ಒಳಗೆ ಒತ್ತಡ ಏರಿ, ಗಟ್ಟಿ ಇರುವ ಸೀಲನ್ನೂ ದಾಟಿ ಆಯಿಲ್ ಹೊರಬರುತ್ತದೆ. ಶೆಡ್ಡಿನಲ್ಲಿ ಎರಡು ತಿಂಗಳು ನಿಂತ ಗಾಡಿಯ ಪೈಪಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಪೈಪ್ ಬಿಚ್ಚಿ ಊದಿ ನೋಡಿ. ಜೊತೆಗೆ ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ಮೂಸಿ ನೋಡಿ. ಡೀಸೆಲ್ ವಾಸನೆ ಬಂದು ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ ಗಾಡಿ ಓಡಿಸಬೇಡಿ. ಎಂಜಿನ್ ಆಯಿಲ್ ಇರುವ ಚೇಂಬರಿಗೆ ಡೀಸೆಲ್ ಇಳಿಯುತ್ತಿದೆ, ಬೇರಿಂಗ್ ಹೋಗುತ್ತದೆ.

ಟ್ಯಾಪೆಟ್ ಕವರ್ ಆದರೆ ಮನೆಯಲ್ಲೇ ಮಾಡಬಹುದು. ಹಳೇ ಪ್ಯಾಕಿಂಗ್ ಚೂರು ಒಳಗೆ ಬೀಳದಂತೆ ಬಟ್ಟೆ ಮುಚ್ಚಿ ಕೆರೆದು ತೆಗೆಯಿರಿ. ತಗಡಿನ ಕವರ್ ಆಗಿದ್ದರೆ ಅತಿ ಬಿಗಿದೂ ಬಿಗಿದೂ ಬೋಲ್ಟ್ ತೂತಿನ ಸುತ್ತ ತಗ್ಗಾಗಿರುತ್ತದೆ. ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ಬಡಿದು ಸಮ ಮಾಡಿ. ಇದನ್ನು ಮಾಡದೆ ಹೊಸ ಪ್ಯಾಕಿಂಗ್ ಹಾಕಿದರೆ ತಿಂಗಳೊಪ್ಪತ್ತಿಗೆ ಮತ್ತೆ ಸೋರುತ್ತದೆ. ಬಿಗಿಯುವಾಗ ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಿಲಿಕೋನ್ ಪೇಸ್ಟ್ ಬಳಿಯುವ ಚಾಳಿ ಬೇಡವೇ ಬೇಡ. ಒಳಗೆ ಉಬ್ಬಿ ನಿಂತ ಪೇಸ್ಟ್ ಕಿತ್ತು ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟಿದರೆ ಇಡೀ ಎಂಜಿನ್ ಬಲಿ.

ಆಯಿಲ್ ಒತ್ತಡ ಇಳಿದರೆ ಮೀಟರಿನ ಲೈಟ್ ಉರಿಸುವ ಆಯಿಲ್ ಪ್ರೆಶರ್ ಸ್ವಿಚ್ಚೂ ಇಂಥದ್ದೇ ಮೋಸ ಮಾಡುತ್ತದೆ. ವೈರ್ ಸಿಕ್ಕಿಸುವ ತುದಿ ಒದ್ದೆಯಿದ್ದರೆ ಸ್ವಿಚ್ಚೇ ಬದಲಿಸಿ. ಸ್ವಿಚ್ಚಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ, ಅರ್ಥಿಂಗ್ ಸಿಗದೆ ಮೀಟರಿನ ಲೈಟೇ ಉರಿಯದಿರಬಹುದು. ಆಯಿಲ್ ಫಿಲ್ಟರಿನ ಹಳೇ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿ ಉಳಿದಿದೆಯಾ ನೋಡಿ. ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಗಟ್ಟಿಯಾಗಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ.

ಇಷ್ಟೆಲ್ಲ ನೋಡಿ, ಹೊರಮೈ ಒಣಗಿದ್ದು, ತೂತಿನಿಂದ ಕಪ್ಪು ಆಯಿಲ್ಲೇ ಬರುತ್ತಿದ್ದರೆ ಮೆಕ್ಯಾನಿಕ್ ಹೇಳಿದ್ದು ಬಹುತೇಕ ಸರಿ. ಆದರೂ ಕ್ಲಚ್ ಜಾರದಿದ್ದರೆ, ದಿನಾ ಬೆಳಗ್ಗೆ ಕಡ್ಡಿ ನೋಡಿ ಆಯಿಲ್ ತುಂಬಿಸುತ್ತಾ ನಾಟಿ ಮುಗಿಸಿಕೊಳ್ಳಿ. ಕೆಸರು ಹೊಡೆಯುವಾಗ ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಪ್ಲೇಟಿಗೆ ಆಯಿಲ್ ಹತ್ತಿದೆ, ಆಗ ತಡ ಮಾಡಬೇಡಿ. ಒಡೆಸಿದ ದಿನ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಮೂರನ್ನೂ ಕೈಯಲ್ಲಿ ಹಿಡಿದು ನೋಡಿ. ಸೀಲ್ ಕೂರುವ ಜಾಗದಲ್ಲಿ ಉಗುರು ಎಳೆಯಿರಿ. ಗೀರು ಸಿಕ್ಕಿದರೆ ಹೊಸ ಸೀಲನ್ನು ಹಳೆಯದು ಕೂತಲ್ಲೇ ಕೂರಿಸಬೇಡಿ, ಜಾಗವಿದ್ದರೆ ಎರಡು ಮಿಲಿಮೀಟರ್ ಆಚೀಚೆ ಕೂರಿಸಲು ಹೇಳಿ. ಪುಡಿ ಹಾಕಿ ಓಡಿಸಿದ ಮೇಲೆ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.