ಸತ್ತ ಮಂಗನ ಲೆಕ್ಕ ಯಾರಿಗೆ ತಲುಪಬೇಕು?

ಗೋವಾದ ವಾಳಪೈಯಿಂದ ಓದುಗರೊಬ್ಬರು ಬರೆದ ಪತ್ರದ ಸಾರಾಂಶವಿದು: ಸತ್ತರಿ ತಾಲ್ಲೂಕಿನ ಗೇರು ತೋಟಗಳಲ್ಲಿ ದುಡಿಯುವ ಕನ್ನಡಿಗರ ವಸತಿಗೆ ಆರೋಗ್ಯ ಕಾರ್ಯಕರ್ತೆಯರು ಮಂಗನ ಕಾಯಿಲೆಯ ಸಲುವಾಗಿ ಬಂದು ಹೆಸರು, ಊರು, ಜ್ವರದ ವಿವರ ಬರೆದುಕೊಂಡು ಹೋಗುತ್ತಾರೆ. ಆಮೇಲೆ ಅದೇನಾಯಿತೆಂದು ಯಾರೂ ಬಂದು ಹೇಳುವುದಿಲ್ಲ. ಈ ಮಾಹಿತಿಯನ್ನು ನೆರೆರಾಜ್ಯಗಳೂ ಹಂಚಿಕೊಳ್ಳುವಂತಾದರೆ ‘ಘಾಟಿಗಳೇ (ಘಟ್ಟದ ಮೇಲಿನಿಂದ ಬಂದವರೇ) ಕಾಯಿಲೆ ತಂದರು’ ಎಂಬ ಮಾತಿಗೆ ನಾವೇ ಪುರಾವೆ ಕೊಟ್ಟಂತಾಗುತ್ತದೆ. ಆದ್ದರಿಂದ ವಿವರ ಕೊಡದಿರುವುದೇ ಲೇಸಲ್ಲವೇ?

ಮಾನ್ಯರೇ,

ನಿಮ್ಮ ಆತಂಕಕ್ಕೆ ಕಾರಣವಿದೆ. ಪರಸ್ಥಳದಲ್ಲಿ ಕೂಲಿ ಮಾಡಿ ಬದುಕುವವರ ಮೇಲೆ ಇಂಥ ಅಪವಾದ ಎಷ್ಟು ಬೇಗ ಬಂದು ಕೂರುತ್ತದೆಂಬುದು ಗೋವಾದ ಕನ್ನಡಿಗರಿಗೆ ಹೊಸ ವಿಷಯವಲ್ಲ. ಆದರೂ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ. ನೀವು ಹೇಳುತ್ತಿರುವುದು ಮಂಗನ ಕಾಯಿಲೆಯ ಬಗ್ಗೆ, ಮತ್ತು ಆ ಕಾಯಿಲೆ ಹರಡುವ ಬಗೆಯೇ ನಿಮ್ಮ ತೀರ್ಮಾನಕ್ಕೆ ವಿರುದ್ಧವಾಗಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಇದು ಹಳದಿ ಜ್ವರವಿರಬಹುದೇ ಎಂಬ ಶಂಕೆಯಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿಗೆ ಹೋದರು. ಸಿಕ್ಕಿದ್ದು ರಕ್ತ ಹೀರುವ ಉಣ್ಣೆಗಳ (ಉಣುಗುಗಳ) ಮೂಲಕ ಹರಡುವ ಬೇರೆಯೇ ವೈರಸ್. ದಶಕಗಳ ಕಾಲ ಅದನ್ನು ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳ ಕಾಯಿಲೆ ಎಂದೇ ಎಣಿಸಲಾಗಿತ್ತು. 2015ರಲ್ಲಿ ಅದು ನಿಮ್ಮ ಸತ್ತರಿಯ ಪಾಳಿ ಗ್ರಾಮದಲ್ಲಿ, ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಗೋವಾದ ಮಹದಾಯಿ ಅಭಯಾರಣ್ಯ ಮತ್ತು ಬೆಳಗಾವಿ ಜಿಲ್ಲೆಯ ಖಾನಾಪುರದ ಭೀಮಗಡ ಒಂದಕ್ಕೊಂದು ತಾಗಿರುವ ಕಾಡುಗಳು. ನಡುವಿನ ರಾಜ್ಯದ ಗಡಿ ಮಂಗಗಳಿಗೂ ಉಣ್ಣೆಗಳಿಗೂ ಲೆಕ್ಕಕ್ಕಿಲ್ಲ. ಅದನ್ನು ದಾಟಲಾಗದೆ ನಿಲ್ಲುವುದು ನಮ್ಮ ಕಡತಗಳು ಮಾತ್ರ.

ಮಂಗ ಸತ್ತಾಗ ಅದರ ಮೈಮೇಲಿನ ಸೋಂಕಿತ ಉಣ್ಣೆಗಳು ಉದುರಿ ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಹಾಗಾಗಿ ಸತ್ತ ಮಂಗನ ಸುತ್ತ ಸುಮಾರು 50 ಮೀಟರ್ ಜಾಗಕ್ಕೆ ಕೀಟನಾಶಕದ ಪುಡಿ ಹಾಕುವುದು, ಆ ಕಡೆಗೆ ಜನ ಮತ್ತು ದನ ಹೋಗದಂತೆ ತಡೆಯುವುದು, ಕಾಡಿಗೆ ಹೋಗಲೇಬೇಕಾದವರಿಗೆ ಉಣ್ಣೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಕೊಡುವುದು ರೂಢಿಯಲ್ಲಿರುವ ಕ್ರಮ. ಇವೆಲ್ಲ ಉಪಯೋಗಕ್ಕೆ ಬರುವುದು ಮಂಗ ಎಲ್ಲಿ, ಎಂದು ಸತ್ತಿತೆಂಬುದು ಕೆಲವೇ ದಿನಗಳಲ್ಲಿ ತಿಳಿದಾಗ. ಹಳೆಯ ಲಸಿಕೆಯ ಬಳಕೆಯನ್ನು ಕರ್ನಾಟಕವು 2022ರಲ್ಲಿ ನಿಲ್ಲಿಸಿದ ಮೇಲಂತೂ ಮುನ್ಸೂಚನೆಯ ಬೆಲೆ ಇನ್ನೂ ಹೆಚ್ಚಿದೆ. ಆದರೆ ಆ ಸುದ್ದಿ ಅರಣ್ಯ, ಪಶುವೈದ್ಯ ಮತ್ತು ಆರೋಗ್ಯ ಇಲಾಖೆಗಳಲ್ಲಿ ಯಾವುದಕ್ಕಾದರೂ ಮೊದಲು ಮುಟ್ಟಬಹುದು, ರಾಜ್ಯಗಳೋ ಮೂರು. 2021ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯಲ್ಲಿ ಕಾರ್ಯಕರ್ತೆಯರು, ವೈದ್ಯರು, ಪ್ರಯೋಗಾಲಯಗಳು ಬೇರೆಬೇರೆ ನಮೂನೆಗಳಲ್ಲಿ ರೋಗದ ವಿವರ ತುಂಬುತ್ತಾರೆ. ಖಾನಾಪುರದ ಕಡೆ ಜನವರಿಯಲ್ಲಿ ಮಂಗ ಸತ್ತ ಸುದ್ದಿ ಅದೇ ವಾರ ವಾಳಪೈಯ ಆರೋಗ್ಯ ಕೇಂದ್ರಕ್ಕೆ ತಲುಪಿದರೆ ಮಾತ್ರ ಆ ಶ್ರಮ ಸಾರ್ಥಕ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ಸಂಗತಿ ನಮೂನೆಯ ವಿಳಾಸದ ಕಾಲಂ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಗೇರು ಹಣ್ಣು ಹೆಕ್ಕುವ ಕಾಲವೂ ಅದರೊಳಗೇ ಬರುತ್ತದೆ. ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಶುರುವಾಗುತ್ತದೆ. ಕೂಲಿಯವನು ಅಷ್ಟರಲ್ಲಿ ಬಸ್ಸು ಹತ್ತಿ ಮುಧೋಳಕ್ಕೋ ಗದಗಕ್ಕೋ ಹೋಗಿಬಿಟ್ಟಿರಬಹುದು. ಮಂಗನ ಕಾಯಿಲೆಯನ್ನೇ ಕಾಣದ ಬಯಲುಸೀಮೆಯ ವೈದ್ಯರು ಅವನ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿರುವುದನ್ನು ನೋಡಿ ಡೆಂಗಿ ಎಂದು ಭಾವಿಸಿದರೆ ಅವರನ್ನು ದೂರುವಂತಿಲ್ಲ. ಒಂದು ವೇಳೆ ಪರೀಕ್ಷೆಯಾಗಿ ರೋಗ ಪತ್ತೆಯಾದರೂ, ವಿಳಾಸದ ಕಾಲಂನಲ್ಲಿ ಹುಟ್ಟೂರಿನ ಹೆಸರಷ್ಟೇ ಇದ್ದರೆ, ಸೋಂಕು ತಗುಲಿದ ಸತ್ತರಿಯ ತೋಟ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಮರುದಿನ ಅದೇ ತೋಟದಲ್ಲಿ ಅವನ ಜೊತೆಗಾರರು ತರಗೆಲೆಯ ನಡುವೆ ಕೂತು ಹಣ್ಣು ಹೆಕ್ಕುತ್ತಿರುತ್ತಾರೆ. ‘ಕಳೆದ ಎರಡು ವಾರ ಎಲ್ಲಿ ಕೆಲಸ ಮಾಡಿದಿರಿ’ ಎಂಬ ಒಂದು ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಬರೆದು, ಅದನ್ನು ಆ ಸ್ಥಳದ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದೇ ನಾನು ಸಮರ್ಥಿಸುವ ಮಾಹಿತಿ ಹಂಚಿಕೆ.

ನಿಮ್ಮ ಅಂಜಿಕೆಗೂ ಉತ್ತರ ಇಲ್ಲೇ ಇದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸೋಂಕು ತಗುಲಿದ ಜಾಗ ದಾಖಲಾದಾಗ, ನಮ್ಮವರು ಕಾಯಿಲೆಯನ್ನು ಹೊತ್ತು ತಂದವರಲ್ಲ, ದುಡಿದ ಜಾಗದಲ್ಲಿ ಅದಕ್ಕೆ ಈಡಾದವರು ಎಂಬುದು ಕಾಗದದ ಮೇಲೆಯೇ ಸ್ಥಾಪಿತವಾಗುತ್ತದೆ. ಹುಟ್ಟೂರು ಮಾತ್ರ ದಾಖಲಾದಾಗಲೇ ಅಪವಾದಕ್ಕೆ ಎಡೆಯಾಗುವುದು. ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಚಿಕಿತ್ಸೆ ಕೊಡುವವರಿಗೆ ಹೆಸರು ಬೇಕು. ಗಡಿಯಾಚೆಯ ಅಧಿಕಾರಿಗೆ ಸ್ಥಳ, ದಿನಾಂಕ, ಸಂಖ್ಯೆ ಸಾಕು. ಹತ್ತು ಹನ್ನೆರಡು ಮಂದಿಯ ವಸತಿಯಾದರೆ ಹೆಸರು ಅಳಿಸಿದರೂ ವಯಸ್ಸು ಮತ್ತು ಊರಿನಿಂದಲೇ ಆಳನ್ನು ಗುರುತಿಸಿಬಿಡಬಹುದು. ಸಾರ್ವಜನಿಕ ಪಟ್ಟಿಯಲ್ಲಿ ಅವೂ ಇರಕೂಡದು. ಜ್ವರದ ಮಾಹಿತಿ ತೋಟದ ಮಾಲೀಕರಿಗಾಗಲಿ ಗುತ್ತಿಗೆದಾರರಿಗಾಗಲಿ ಹೋಗಿ ಕೂಲಿ ತಪ್ಪುವಂತಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ, ಬಿಡಬೇಕೆಂದು ಕೇಳುವ ಹಕ್ಕೂ ಯಾರಿಗೂ ಇರುವುದಿಲ್ಲ.

ಬರೆದುಕೊಂಡು ಹೋದವರು ಮರಳಿ ಬಂದು ಹೇಳುವುದಿಲ್ಲವೆಂಬ ನಿಮ್ಮ ದೂರನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ನೀವು ಇದನ್ನೇ ಎತ್ತಬೇಕು: ಮಂಗ ಸತ್ತ ಜಾಗಗಳ ಪಟ್ಟಿಯನ್ನು ಡಿಸೆಂಬರಿನಿಂದ ವಾರಕ್ಕೊಮ್ಮೆ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು, ಕೊಂಕಣಿ ಮತ್ತು ಮರಾಠಿಯ ಜೊತೆಗೆ ಕನ್ನಡದಲ್ಲೂ ಬರೆಯಬೇಕು, ಚೋರ್ಲಾ ಘಾಟಿಯ ಆಚೆ, ಕರ್ನಾಟಕದ ಕಡೆಗಿನ ಮಂಗಗಳ ಸಾವುಗಳೂ ಅದರಲ್ಲಿ ಇರಬೇಕು. ಓದಲು ಬಾರದವರಿಗಾಗಿ ವಸತಿಯಲ್ಲೇ ಅದನ್ನು ಓದಿ ಹೇಳುವವರು ಬೇಕು, ಆ ಕೆಲಸಕ್ಕೆ ನಿಮ್ಮಂಥವರೇ ಮುಂದೆ ಬರಬೇಕು. ಸಭೆಯಲ್ಲಿ ಸಿಕ್ಕ ಉತ್ತರವನ್ನು ನಮಗೆ ಬರೆದು ಕಳಿಸಿ. ಅದು ಏನೇ ಇದ್ದರೂ ಪ್ರಕಟಿಸುತ್ತೇವೆ.

– ಸಂಪಾದಕ