ಟಿಕೆಟ್ ಮಾರೋನೇ ಪೈಲ್ವಾನಾ?

ದಾವಣಗೆರೆಯ ಓದುಗರೊಬ್ರು ಸಿಟ್ಟಿನ ಪತ್ರ ಬರ್ದಿದಾರೆ. 2024ರ ನವೆಂಬರ್‌ನಲ್ಲಿ ಜೇಕ್ ಪಾಲ್ ಅನ್ನೋ ಯೂಟ್ಯೂಬರ್ 58 ವರ್ಷದ ಹಳೇ ಚಾಂಪಿಯನ್ ಮೈಕ್ ಟೈಸನ್ ಜೊತೆ ಬಾಕ್ಸಿಂಗ್ ರಿಂಗಿಗೆ ಇಳಿದಿದ್ದನ್ನ ನಾವು ತಮಾಷೆ ಅಂತ ಬರೆದ್ವಂತೆ, ಅದು ಅವರಿಗೆ ಸರಿಬಂದಿಲ್ಲ. "ಜನ ನೋಡ್ತಾರೆ, ದುಡ್ಡು ಬರತ್ತೆ. ಜನ ಕೇಳಿದ ಜೋಡಿ ಕಟ್ಟೋದು ಬಿಟ್ಟು ರ‍್ಯಾಂಕಿಂಗ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ಬೇಕಾ?" ಅಂತ ಕೇಳ್ತಾರೆ. ಕೊನೆಗೊಂದು ಕುಟುಕು ಬೇರೆ, "ನೀವೂ ಕದ್ದು ನೋಡಿರ್ತೀರಿ ಬಿಡಿ."

ಸ್ವಾಮಿ, ಬರವಣಿಗೆ ಚೆನ್ನಾಗಿದೆ, ಇನ್ನೂ ಬರೀರಿ. ನಿಮ್ಮ ಕಡೆ ನ್ಯಾಯನೂ ಮೊದ್ಲೇ ಹೇಳ್ಬಿಡ್ತೀನಿ. 2024ರ ಮೇನಲ್ಲಿ ಹೆವಿವೇಟ್ ಚಾಂಪಿಯನ್ನುಗಳಾದ ಉಸಿಕ್ ಮತ್ತೆ ಫ್ಯೂರಿ ಎದುರುಬದುರಾಗಿದ್ದು ರಿಯಾದ್‌ನಲ್ಲಿ, ಸೌದಿ ದುಡ್ಡಲ್ಲಿ. ಹೆವಿವೇಟ್‌ನ ಎಲ್ಲಾ ಬೆಲ್ಟೂ (ಬೇರೆಬೇರೆ ಸಂಸ್ಥೆಗಳು ಕೊಡೋ ಚಾಂಪಿಯನ್ ಪಟ್ಟ) ಒಬ್ಬನ ಸೊಂಟಕ್ಕೆ ಬಂದಿದ್ದು 1999ರ ಲೆನಾಕ್ಸ್ ಲೂಯಿಸ್ ಆದ್ಮೇಲೆ ಅದೇ ಮೊದಲು. ಆ ದುಡ್ಡಿಲ್ದಿದ್ರೆ ಅದು ಆಗ್ತಿತ್ತೋ ಇಲ್ವೋ. ಒಪ್ಪಿದೆ.

ಆದ್ರೆ ದುಡ್ಡಿನೋರು ಜನ ಕೇಳಿದ್ದನ್ನ ಕೊಡ್ತಾರೆ ಅಂತೀರಲ್ಲ, ಅದನ್ನ ಮಾತ್ರ ನಂಬ್ಬೇಡಿ. ಆ ಕಾಲದ ದೊಡ್ಡ ಬಾಕ್ಸರುಗಳಾದ ಮೇವೆದರ್-ಪಕ್ಯಾವೊ ಜೋಡಿ ಬೇಕು ಅಂತ ಜನ 2009ರಿಂದ ಬಾಯಿ ಬಡ್ಕೊಂಡ್ರು, ಆಗಿದ್ದು 2015ರ ಮೇನಲ್ಲಿ, ಇಬ್ರಿಗೂ ವಯಸ್ಸು ಇಳಿದ್ಮೇಲೆ. ಆದ್ರೂ ಅಮೆರಿಕದಲ್ಲಿ ಸುಮಾರು 46 ಲಕ್ಷ ಪೇ-ಪರ್-ವ್ಯೂ (ಆ ಒಂದು ಪಂದ್ಯಕ್ಕೇ ದುಡ್ಡು ಕೊಟ್ಟು ಟಿವೀಲಿ ನೋಡೋದು) ಮಾರಾಟ ಆಯ್ತು, ಅಂದ್ರೆ ಕಾಯ್ಸಿದೋರಿಗೆ ಲುಕ್ಸಾನೇನಿಲ್ಲ, ಲುಕ್ಸಾನು ನಮ್ದು. ಎರಡು ವರ್ಷ ಬಿಟ್ಟು ಅದೇ ಮೇವೆದರ್ ಎದುರಿಗೆ ನಿಂತಿದ್ದು ಮಿಕ್ಸೆಡ್ ಮಾರ್ಷಲ್ ಆರ್ಟ್ಸಿನ ಮೆಗ್ರೆಗರ್, ಪ್ರೊಫೆಷನಲ್ ಬಾಕ್ಸಿಂಗಲ್ಲಿ ಆವತ್ತಿನವರೆಗೆ ಒಂದೇ ಒಂದು ಬೌಟ್ ಆಡಿಲ್ಲದೋನು.

ಸರದಿಲಿ ನಿಂತೋನ ಕಥೆ ನಿಮ್ಗೆ ಗೊತ್ತಾ? 1940ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಚಾರ್ಲಿ ಬರ್ಲಿ ಅಂತ ಒಬ್ಬ ಇದ್ದ. ಕರಿಯ, ಅಸಾಧ್ಯ ಆಟಗಾರ, ಜೊತೆಗೆ ಟಿಕೆಟ್ ಮಾರಾಟವಾಗದ ಹೆಸರು. ಚಾಂಪಿಯನ್ನುಗಳು ತಿರುಗಿ ನೋಡ್ಲಿಲ್ಲ. ವರ್ಲ್ಡ್ ಟೈಟಲ್ ಬೌಟ್ ಒಂದೂ ಸಿಗದೆ ಕೊನೆಗೆ ಅದೇ ಊರಲ್ಲಿ ಕಸ ಎತ್ತೋ ಕೆಲಸಕ್ಕೆ ಸೇರ್ಕೊಂಡ. ಅವನನ್ನ ಸೋಲಿಸೋಕಾಗದ ಆರ್ಚಿ ಮೂರ್‌ಗೂ ಟೈಟಲ್ ಛಾನ್ಸ್ ಸಿಕ್ಕಿದ್ದು 1952ರ ಡಿಸೆಂಬರಲ್ಲಿ, ಹದಿನೈದು ವರ್ಷಕ್ಕಿಂತ ಜಾಸ್ತಿ ಗುದ್ದಾಡಿದ್ಮೇಲೆ. ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ರಿಂಗಿಗೆ ಬರ್ಬೇಕಂದ್ರೆ 1,00,000 ಡಾಲರ್ ಗ್ಯಾರಂಟಿ. ಮೂರ್ ಗೆದ್ದ, ಅವನ ಕೈಗೆ ಬಂದಿದ್ದು 800 ಡಾಲರ್. ಸೋತೋನಿಗೆ ಲಕ್ಷ, ಗೆದ್ದೋನಿಗೆ ಎಂಟ್ನೂರು! ಇದನ್ನ ಮಾರ್ಕೆಟ್ ಅಂತೀರಾ?

ರ‍್ಯಾಂಕಿಂಗ್ ಏನ್ ಮಹಾ ಅಂತ ನೀವು ಕೇಳೋದೂ ಒಂಥರಾ ಸರಿನೇ, ಯಾಕಂದ್ರೆ ದುಡ್ಡು ಅದನ್ನೂ ಬಿಟ್ಟಿಲ್ಲ. ಬೆಲ್ಟು, ರ‍್ಯಾಂಕಿಂಗು ಕೊಡೋ ಸಂಸ್ಥೆಗಳಲ್ಲಿ ಒಂದಾದ ಐಬಿಎಫ್ ಕಟ್ಟಿದ ಬಾಬ್ ಲೀ ಮೇಲೆ ರ‍್ಯಾಂಕಿಂಗಿಗೆ ಲಂಚ ತಗೊಂಡ ಕೇಸ್ ನಡೀತು, 2000ದಲ್ಲಿ ಮನಿ ಲಾಂಡರಿಂಗು, ತೆರಿಗೆ ಕಳ್ಳತನದಲ್ಲಿ ತಪ್ಪಿತಸ್ಥ ಅಂತಾಯ್ತು. ಚಾಂಪಿಯನ್ ಫೋರ್‌ಮನ್ ಎದುರಿಗೆ ಆಕ್ಸೆಲ್ ಶುಲ್ಟ್ಸ್‌ನ ನಿಲ್ಸೋಕೆ 1,00,000 ಡಾಲರ್ ಕೊಟ್ಟೆ ಅಂತ ಬೌಟ್ ಏರ್ಪಡಿಸೋ ಪ್ರೊಮೋಟರ್ ಬಾಬ್ ಆರಮ್ ಕೋರ್ಟಲ್ಲೇ ಹೇಳಿದ್ರು. ಅಂಥದ್ದೇ ಇನ್ನೊಂದು ಸಂಸ್ಥೆ ಡಬ್ಲ್ಯುಬಿಒದ್ದು ಇನ್ನೂ ಮಜಾ. ಡ್ಯಾರಿನ್ ಮಾರಿಸ್ ಅನ್ನೋನು 2000ದ ಅಕ್ಟೋಬರಲ್ಲಿ ತೀರ್ಕೊಂಡ, ಸತ್ತಾಗ 7ನೇ ನಂಬರು, ತಿಂಗಳುಗಟ್ಲೆ ಆದ್ಮೇಲೆ ಅವರ ಗಮನಕ್ಕೆ ಬರೋ ಹೊತ್ತಿಗೆ 5ನೇ ನಂಬರು. ಇನ್ನು ನಿಮ್ಮ ಜೇಕ್ ಪಾಲ್ 2025ರಲ್ಲಿ ಜೂನಿಯರ್ ಚಾವೆಸ್‌ನ ಸೋಲಿಸಿದ್ದಕ್ಕೆ ಡಬ್ಲ್ಯುಬಿಎ ಅನ್ನೋ ಮತ್ತೊಂದು ಸಂಸ್ಥೆ ಕ್ರೂಸರ್‌ವೇಟಲ್ಲಿ 14ನೇ ಸ್ಥಾನ ಕೊಡ್ತು. ಅದೇ ತೂಕದಲ್ಲಿ ಹತ್ತು ವರ್ಷದಿಂದ ಒದೆ ತಿಂತಿರೋ ಯಾವನೋ ಹುಡುಗ ಒಂದು ಮೆಟ್ಲು ಕೆಳಗಿಳಿದ.

ನಮ್ಮೋರೂ ಇದಕ್ಕೆ ಹೊರತಲ್ಲ. ಹರಿಯಾಣದ ನೀರಜ್ ಗೋಯತ್, ವರ್ಷಾನುಗಟ್ಲೆ ಬೆವರು ಸುರಿಸಿದ ನಿಜವಾದ ಬಾಕ್ಸರ್. ಆ ಟೈಸನ್ ರಾತ್ರಿ ಜಗತ್ತೇ ನೋಡೋ ಕಡೆ ಅವನಿಗೆ ಸಿಕ್ಕ ಎದುರಾಳಿ ಬ್ರೆಜಿಲ್‌ನ ಒಬ್ಬ ಕಾಮಿಡಿಯನ್. ಗೆದ್ದ, ಪಾಪ, ಗೆಲ್ದೆ ಏನು. ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟೋವಾಗ ಒಂದ್ಸಲ ಹೋಗಿ ನೋಡಿ, ತೂಕ ಏನು, ವಯಸ್ಸೇನು, ಹಿಂದೆ ಯಾರ ಜೊತೆ ಆಡಿದಾನೆ ಅಂತ ಕೇಳ್ತಾರೆ. ಮೊಬೈಲಲ್ಲಿ ಎಷ್ಟು ಫಾಲೋವರ್ಸ್ ಅಂತ ಕೇಳಲ್ಲ, ಸದ್ಯಕ್ಕಂತೂ.

ನಂಗೆ ಹೊಟ್ಟೆ ಉರಿಯೋದಕ್ಕೆ ಇನ್ನೊಂದು ಕಾರಣ ಇದೆ. 1977ರಲ್ಲಿ ಪ್ರೊಮೋಟರ್ ಡಾನ್ ಕಿಂಗ್ ಅಮೆರಿಕದ ಎಬಿಸಿ ಟಿವಿಗೆ ಒಂದು ಟೂರ್ನಮೆಂಟ್ ಮಾಡಿದ್ರು. ಅದ್ರಲ್ಲಿ ಆಡೋರ ಹೆಸರಿಗೆ ಇಲ್ಲದ ಗೆಲುವು ಸೇರ್ಸಿ ರೆಕಾರ್ಡ್ ಬುಕ್ಕಲ್ಲಿ ಅಚ್ಚು ಹಾಕಿದ್ದು ಯಾರು? ದಿ ರಿಂಗ್ ಅನ್ನೋ ಮ್ಯಾಗಜೀನು, ನಮ್ಮ ಕಸುಬಿನೋರೇ! ಗುಟ್ಟು ರಟ್ಟಾಗಿ ಟೂರ್ನಮೆಂಟ್ ಅರ್ಧಕ್ಕೆ ನಿಂತೋಯ್ತು. ಈಗ ಆ ಕಷ್ಟನೂ ಇಲ್ಲ, ದುಡ್ಡು ಕೊಟ್ರೆ 'ವರ್ಷದ ಸಾಧಕರು' ಪುಟದಲ್ಲಿ ಫೋಟೋ ಬರತ್ತೆ, ಶಾಲು-ಹಾರದ ಖರ್ಚು ನೀವೇ ಹಾಕ್ಕೊಂಡ್ರೆ ಪ್ರಶಸ್ತಿನೂ ಬರತ್ತೆ, ಅರ್ಜಿ ಹಾಕದೆ ಮನೇಲಿ ಕೂತು ಒಳ್ಳೇ ಕಥೆ ಬರ್ಯೋನು ಬರೀತಾನೇ ಇರ್ತಾನೆ. ಅವನಿಗೆ ವ್ಯೂಸ್ ಇಲ್ವಲ್ಲ ಸ್ವಾಮಿ, ಏನ್ಮಾಡೋದು!

ಇನ್ನು ನಿಮ್ಮ ಕುಟುಕಿಗೆ ಉತ್ತರ. ನೋಡ್ದೆ, ಕದ್ದಲ್ಲ. ಶನಿವಾರ ಬೆಳಿಗ್ಗೆ ಕಾಫಿ ಇಟ್ಕೊಂಡು ಕೂತಿದ್ದು ಆ ಟೈಸನ್ ಕಾರ್ಯಕ್ರಮದಲ್ಲೇ ಇದ್ದ ಕೇಟಿ ಟೇಲರ್-ಅಮಾಂಡಾ ಸೆರಾನೊ ಬೌಟಿಗೋಸ್ಕರ. ಸೆರಾನೊ ಹುಬ್ಬಿನ ಹತ್ರ ಸೀಳಿ ರಕ್ತ ಸೋರ್ತಿದ್ರೂ ಹತ್ತೂ ರೌಂಡ್ ಆಕೆ ಹಿಂದೆ ಸರೀಲಿಲ್ಲ, ಮೂರೂ ಜಡ್ಜುಗಳು 95-94 ಅಂತ ಟೇಲರ್‌ಗೆ ಕೊಟ್ರು, ಅರ್ಧ ಜಗತ್ತು ಇವತ್ತಿಗೂ ಒಪ್ಪಿಲ್ಲ. ಸೆರಾನೊಗೆ ಪ್ರೊಮೋಟರ್ ಜೇಕ್ ಪಾಲ್ ಕಂಪನಿನೇ ಅಂತ ನೀವು ತಕ್ಷಣ ಹೇಳ್ತೀರಿ, ಹೌದು. ಆದ್ರೆ ನಿಮ್ಮ ಪತ್ರದಲ್ಲಿ ಆ ಇಬ್ರು ಹೆಣ್ಮಕ್ಕಳ ಹೆಸರೇ ಇಲ್ಲ. ಅದನ್ನ ಇನ್ನೊಂದ್ಸಲ ಹಾಕ್ಕೊಂಡು ನೋಡಿ, ಗೆದ್ದಿದ್ದು ಯಾರು ಅನ್ಸ್ತು ಬರ್ದು ಕಳ್ಸಿ, ಮುಂದಿನ ಸಂಚಿಕೆಲಿ ಹಾಕ್ತೀನಿ.

- ಸಂ.