ಇಂಟರ್‌ವ್ಯೂಗೆ ಏನು ಹಾಕಿಕೊಳ್ಳಲಿ ಮೇಡಂ?

ಕೆಲಸದ ಇಂಟರ್‌ವ್ಯೂಗೆ ಬಟ್ಟೆ ಆರಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉಡುಪು ವಿನ್ಯಾಸ ಮತ್ತು ಹೊಲಿಗೆ ಬಲ್ಲ ನಮ್ಮ ತಜ್ಞೆ ಈ ಸಲ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಾನು ಎಂಸಿಎ ಕೊನೇ ಸೆಮಿಸ್ಟರ್. ಊರು ಹಾಸನದ ಹತ್ತಿರ. ಈಗ ವಿಜಯನಗರದ ಪಿಜಿಯಲ್ಲಿದ್ದೇನೆ. ಮುಂದಿನ ವಾರ ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಮೊದಲ ಇಂಟರ್‌ವ್ಯೂ ಇದೆ. ಮೇಲ್‌ನಲ್ಲಿ ‘ಬಿಸಿನೆಸ್ ಕ್ಯಾಶುವಲ್’ ಅಂತ ಬರೆದಿದ್ದಾರೆ. ಪ್ಯಾಂಟ್-ಶರ್ಟ್ ಹಾಕಲೇಬೇಕಾ? ಚೂಡಿದಾರ್ ಬಿಟ್ಟು ಬೇರೆ ಏನೂ ನನಗೆ ರೂಢಿಯಿಲ್ಲ. ರೂಮ್‌ಮೇಟ್ ಬ್ಲೇಜರ್ ತಗೋ ಅಂತಾಳೆ. ಕೈಯಲ್ಲಿರೋದು 3,000 ರೂಪಾಯಿ. ಎಲ್ಲಿ, ಏನು ಕೊಳ್ಳಲಿ?

ಉತ್ತರ: ಬ್ಲೇಜರ್ ಬೇಡ. 3,000 ರೂಪಾಯಿಯಲ್ಲಿ ಬ್ಲೇಜರ್ ತಗೊಂಡರೆ ಪ್ಯಾಂಟಿಗೂ ಉಳಿಯುವುದಿಲ್ಲ, ಚಪ್ಪಲಿಗೂ ಉಳಿಯುವುದಿಲ್ಲ. ಅಗ್ಗದ ಬ್ಲೇಜರ್ ಭುಜದಲ್ಲೇ ತನ್ನ ಬೆಲೆ ಹೇಳಿಬಿಡುತ್ತದೆ.

ಪ್ಯಾಂಟ್-ಶರ್ಟೂ ಕಡ್ಡಾಯವಲ್ಲ. ಸೂಟ್ ಬೇಕಿಲ್ಲ, ಜೀನ್ಸ್, ಟೀ ಶರ್ಟ್, ಸ್ಪೋರ್ಟ್ಸ್ ಶೂನಲ್ಲಿ ಬರಬೇಡಿ. ಆ ಮೇಲ್‌ನವರು ಹೇಳುತ್ತಿರುವುದು ಇಷ್ಟೇ. ಬೆಂಗಳೂರಿನ ಆಫೀಸುಗಳಲ್ಲಿ ಕುರ್ತಾ ನಡೆಯುತ್ತಾ ಅಂತ ಯಾರೂ ಕೇಳುವ ಕಾಲ ಈಗಿಲ್ಲ. ಇಂಟರ್‌ವ್ಯೂ ದಿನವೇ ಮೊದಲ ಸಲ ಶರ್ಟ್ ಇನ್ ಮಾಡಿಕೊಂಡು ಹೋದರೆ ಅಲ್ಲಿ ಕೂತಷ್ಟು ಹೊತ್ತೂ ಕೈ ಸೊಂಟದ ಹತ್ತಿರವೇ ಓಡಾಡುತ್ತದೆ. ಎದುರಿಗೆ ಕೂತವರಿಗೆ ಅದು ಕಾಣುತ್ತದೆ. ನಿಮಗೆ ರೂಢಿಯಿರುವ ಬಟ್ಟೆಯನ್ನೇ ಆಫೀಸಿಗೆ ಹೊಂದುವ ಹಾಗೆ ಮಾಡಿಕೊಳ್ಳೋಣ.

ಮೊಣಕಾಲಿನವರೆಗೆ ಬರುವ ಸ್ಟ್ರೈಟ್ ಕಟ್ ಕುರ್ತಾ ತಗೊಳ್ಳಿ. ಒಂದೇ ಬಣ್ಣದ್ದು, ಇಲ್ಲವೇ ತೀರ ಸಣ್ಣ ಪ್ರಿಂಟ್‌ನದ್ದು. ಮುಕ್ಕಾಲು ತೋಳಿರಲಿ. ಕೆಳಗೆ ಲೆಗ್ಗಿಂಗ್ಸ್ ಬೇಡ, ಸ್ಟ್ರೈಟ್ ಪ್ಯಾಂಟ್ ಹಾಕಿ. ಅದೊಂದು ಬದಲಾದರೆ ಸಾಕು, ಕಾಲೇಜಿಗೆ ಹಾಕುತ್ತಿದ್ದ ಕುರ್ತಾ ಆಫೀಸಿನದಾಗುತ್ತದೆ. ದುಪಟ್ಟಾ ನಿಮ್ಮಿಷ್ಟ. ಹಾಕುವುದಾದರೆ ಒಂದು ಕಡೆ ಪಿನ್ ಮಾಡಿ. ವೈಟ್‌ಬೋರ್ಡ್ ಮೇಲೆ ಕೋಡ್ ಬರೀರಿ ಅಂತ ಎಬ್ಬಿಸಿದಾಗ ಜಾರಬಾರದು, ಅಲ್ವಾ?

ದುಡ್ಡನ್ನು ಹೀಗೆ ಹಂಚಿಕೊಳ್ಳಿ. ಕಪ್ಪು ಅಥವಾ ನೇವಿ ಬ್ಲೂ ಪ್ಯಾಂಟಿಗೆ 1,200ರವರೆಗೆ. ಕುರ್ತಾಗೆ 800. ಮುಚ್ಚಿದ ಫ್ಲಾಟ್ ಚಪ್ಪಲಿ ಅಥವಾ ಬೆಲ್ಲಿಗೆ 700. ಟೈಲರ್‌ಗೆ 200. ಈ ಕೊನೆಯ 200 ರೂಪಾಯಿಯನ್ನು ಮಾತ್ರ ಯಾರೂ ಎತ್ತಿಡುವುದಿಲ್ಲ. ನನ್ನ ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಅದೇ. ಅಳತೆಗೆ ಸರಿಯಾಗಿ ಕೂತ 800ರ ಕುರ್ತಾದ ಮುಂದೆ, ಅಳತೆ ತಪ್ಪಿದ 3,000ದ ಕುರ್ತಾ ಪೆಚ್ಚಾಗಿ ಕಾಣುತ್ತದೆ.

ಟ್ರಯಲ್ ರೂಮಿನಲ್ಲಿ ಸುಮ್ನೆ ಕನ್ನಡಿ ಮುಂದೆ ನಿಂತು ಬರಬೇಡಿ. ನಿಂತಾಗ ಎಲ್ಲ ಬಟ್ಟೆಯೂ ಚೆನ್ನಾಗಿಯೇ ಕಾಣುತ್ತದೆ. ಇಂಟರ್‌ವ್ಯೂ ನಡೆಯುವುದು ಕೂತು. ಸ್ಟೂಲ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಕುಕ್ಕರಗಾಲಲ್ಲಿ ಕೂತು ನೋಡಿ. ತೊಡೆಯ ಮೇಲೆ ಅಡ್ಡಡ್ಡ ಗೆರೆ ಎದ್ದರೆ ಪ್ಯಾಂಟ್ ಬಿಗಿ. ಬೆನ್ನ ಹಿಂದೆ ಸೊಂಟದ ಪಟ್ಟಿ ಬಾಯಿ ಬಿಟ್ಟರೆ ಚಿಂತೆಯಿಲ್ಲ, ಅದನ್ನು ಟೈಲರ್ ಹಿಡಿದುಕೊಡುತ್ತಾರೆ. ಆಮೇಲೆ ಬೋರ್ಡ್ ಮೇಲೆ ಬರೆಯುವ ಹಾಗೆ ಬಲಗೈ ಎತ್ತಿ. ಕಂಕುಳು ಎಳೆಯುತ್ತಿದೆಯಾ? ಸೈಡ್ ಸ್ಲಿಟ್ ಎಲ್ಲಿಯವರೆಗೆ ಏರುತ್ತಿದೆ? ತಿಳಿ ಬಣ್ಣದ ಕುರ್ತಾ ಆದರೆ ಒಳಗೆ ಕೈ ಹಾಕಿ ಬೆಳಕಿಗೆ ಹಿಡಿಯಿರಿ. ಬೆರಳು ಎಣಿಸುವಷ್ಟು ಕಂಡರೆ ಲೈನಿಂಗ್ ಇಲ್ಲದೆ ಆಗದು. ಕೊನೆಗೆ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಹತ್ತು ಎಣಿಸಿ ಬಿಡಿ. ಲಿನನ್ ಮುದುರಿಕೊಂಡೇ ಕೂರುತ್ತದೆ. ಪಾಲಿಯೆಸ್ಟರ್-ವಿಸ್ಕೋಸ್ ಮಿಕ್ಸ್ ಬಟ್ಟೆ ಬೇಗ ಸರಿಹೋಗುತ್ತದೆ. ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮೆಟ್ರೋದಲ್ಲಿ ಕೂತು ಹೋಗುವವರಿಗೆ ಈ ಎರಡನೆಯದೇ ಸರಿ.

ಒಳಗಿನ ಹೊಲಿಗೆಯನ್ನೂ ತಿರುಗಿಸಿ ನೋಡಿ. ಹೊಲಿಗೆಯಾಚೆ ಅರ್ಧ ಇಂಚಾದರೂ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಸಡಿಲ ಮಾಡಬಹುದು. ಪಕ್ಕ, ಉದ್ದ, ತೋಳಿನ ಉದ್ದ, ಪ್ಯಾಂಟಿನ ಸೊಂಟ ಇವೆಲ್ಲ ಸುಲಭದ ಆಲ್ಟ್ರೇಷನ್. ಭುಜ ಮಾತ್ರ ಸುಲಭವಲ್ಲ. ಅದಕ್ಕೇ ಕುರ್ತಾ ಆರಿಸುವಾಗ ಭುಜ ನೋಡಿ, ಪ್ಯಾಂಟ್ ಆರಿಸುವಾಗ ತೊಡೆ ನೋಡಿ. ಮಿಕ್ಕಿದ್ದು ಟೈಲರ್ ಕೆಲಸ. ಇನ್ನೊಂದು ಮಾತು: ಕಾಟನ್ ಅಥವಾ ರೇಯಾನ್ ಆಗಿದ್ದರೆ ಮೊದಲು ಒಗೆದು ಒಣಗಿಸಿ, ಆಮೇಲೆ ಟೈಲರ್‌ಗೆ ಕೊಡಿ. ಇಲ್ಲದಿದ್ದರೆ ಅಳತೆಗೆ ಕೂರಿಸಿದ್ದೆಲ್ಲ ಮೊದಲ ಒಗೆತದಲ್ಲಿ ಕುಗ್ಗಿಹೋಗುತ್ತದೆ.

ಎಲ್ಲಿ ಅಂದರೆ, ಪ್ಯಾಂಟನ್ನು ಟ್ರಯಲ್ ರೂಮ್ ಇರುವ ಅಂಗಡಿಯಲ್ಲೇ ತಗೊಳ್ಳಿ. ಮ್ಯಾಕ್ಸ್, ಟ್ರೆಂಡ್ಸ್, ವೆಸ್ಟ್‌ಸೈಡ್‌ನಂಥ ಕಡೆ ನಿಮ್ಮ ಬಜೆಟ್ಟಿಗೆ ಸಿಗುತ್ತದೆ. ಕುರ್ತಾಗೆ ಜಯನಗರ 4ನೇ ಬ್ಲಾಕ್ ಆಗಬಹುದು, ಕಮರ್ಷಿಯಲ್ ಸ್ಟ್ರೀಟೂ ಆಗಬಹುದು. ಅದೇ ನೇರಳೆ ಮಾರ್ಗದಲ್ಲಿ ಎಂ.ಜಿ. ರೋಡಿನಲ್ಲಿ ಇಳಿದು ನಡೆದರೆ ಕಮರ್ಷಿಯಲ್ ಸ್ಟ್ರೀಟ್. ಶನಿವಾರ, ಭಾನುವಾರ ಸಂಜೆ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ಬೀದಿಬದಿಯಲ್ಲಿ ಕಮ್ಮಿಗೆ ಸಿಗುತ್ತದೆ ನಿಜ. ಆದರೆ ಹಾಕಿ ನೋಡಲು ಬಿಡುವುದಿಲ್ಲ, ವಾಪಸ್ ತಗೊಳ್ಳುವುದೂ ಇಲ್ಲ. ಮನೆಯಲ್ಲಿ ಹಾಕಲು ಆದೀತು, ಇಂಟರ್‌ವ್ಯೂಗೆ ಬೇಡ.

ಪ್ರಶ್ನೆ: ನನಗೆ 41 ವರ್ಷ. ಮಕ್ಕಳು ದೊಡ್ಡವರಾದರು, ಎಂಟು ವರ್ಷದ ನಂತರ ಮತ್ತೆ ಕೆಲಸಕ್ಕೆ ಹೊರಟಿದ್ದೇನೆ. ಬಸವನಗುಡಿಯ ಶಾಲೆಯೊಂದರಲ್ಲಿ ಗಣಿತ ಟೀಚರ್ ಹುದ್ದೆಗೆ ಕರೆದಿದ್ದಾರೆ. ಡೆಮೊ ಕ್ಲಾಸ್ ಕೂಡ ಇದೆ. ಸೀರೆಯನ್ನೇ ಉಡುತ್ತೇನೆ. ಬೀರುವಿನಲ್ಲಿ ಸೀರೆಗೇನೂ ಬರವಿಲ್ಲ, ಆದರೆ ಒಂದು ಬ್ಲೌಸೂ ಹಿಡಿಸುತ್ತಿಲ್ಲ. ಮೈಸೂರು ಸಿಲ್ಕ್ ಉಟ್ಟರೆ ಜಾಸ್ತಿಯಾಯ್ತು ಅನ್ನಿಸುತ್ತಾ?

ಉತ್ತರ: ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ. ಮೈಗೆ ಕೂರುತ್ತದೆ, ಸುಲಭಕ್ಕೆ ಮುದುರುವುದಿಲ್ಲ. ಸಣ್ಣ ಜರಿ ಅಂಚಿನದ್ದಾದರೆ ಬರೀ ಇಂಟರ್‌ವ್ಯೂಗೆ ನಾನೂ ಹೂಂ ಅನ್ನುತ್ತಿದ್ದೆ. ಆದರೆ ಡೆಮೊ ಕ್ಲಾಸ್ ಇದೆ ಅಂತೀರಿ. ಚಾಕ್‌ಪೀಸ್ ಹಿಡಿದು ಬೋರ್ಡಿನ ತುಂಬ ಲೆಕ್ಕ ಬಿಡಿಸಿ ತಿರುಗಿದರೆ ಕಡು ಬಣ್ಣದ ರೇಷ್ಮೆಯ ಮೇಲೆ ಬಿಳಿ ಪುಡಿ ಎದ್ದು ಕಾಣುತ್ತದೆ. ಒರೆಸಿದರೆ ಇನ್ನೂ ಹರಡುತ್ತದೆ. ಅದನ್ನು ಮದುವೆಮನೆಗೆ ಇಟ್ಟುಕೊಳ್ಳಿ.

ಇಳಕಲ್ ಸೀರೆ ಇದೆಯಾ? ಮೈ ಹತ್ತಿಯದ್ದು, ಸೆರಗು ರೇಷ್ಮೆಯದ್ದು ಆಗಿರುವ ಇಳಕಲ್ ಇಂಥ ದಿನಕ್ಕೆಂದೇ ಮಾಡಿದ ಹಾಗಿರುತ್ತದೆ. ಮೈ ಸಾದಾ, ಇಲ್ಲವೇ ಸಣ್ಣ ಚೌಕುಳಿ. ನೋಡಿದವರಿಗೆ ಗೌರವ ಅನ್ನಿಸುತ್ತದೆ, ಆಡಂಬರ ಅನ್ನಿಸುವುದಿಲ್ಲ. ಇಲ್ಲದಿದ್ದರೆ ಸಿಲ್ಕ್ ಕಾಟನ್ ಆಗಬಹುದು. ಹೊಸದು ತಗೊಳ್ಳುವುದಾದರೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಯಲ್ಲಿ ನೋಡಿ. ಚಿಕ್ಕಪೇಟೆಯಲ್ಲಿ ಆಯ್ಕೆ ಜಾಸ್ತಿ, ಮೆಟ್ರೋ ಸ್ಟೇಷನ್ನೂ ಅಲ್ಲೇ ಇದೆ. ಆದರೆ ಒಂದು ಸೀರೆಗೆ ಹೋದವರು ನಾಲ್ಕು ಹೊತ್ತು ತರುವ ಜಾಗ ಅದು. ಗಂಜಿ ಹಾಕಿದ ಗರಿಗರಿ ಕಾಟನ್ ಮಾತ್ರ ಬೇಡ. ಆಟೋದಲ್ಲಿ ಕೂತು ಇಳಿಯುವಷ್ಟರಲ್ಲಿ ನೆರಿಗೆಯೆಲ್ಲ ಉಬ್ಬಿರುತ್ತದೆ. ಹೊಸ ಸೀರೆಗೆ ಫಾಲ್, ಜಿಗ್‌ಜಾಗ್ ಹಾಕಿಸಲು ಮರೆಯಬೇಡಿ.

ಈಗ ಬ್ಲೌಸ್. ಹೊಸದು ಹೊಲಿಸುವ ಮುಂಚೆ ಹಳೆಯದನ್ನು ಒಳಮಗ್ಗಲು ತಿರುಗಿಸಿ. ನಮ್ಮ ಟೈಲರ್‌ಗಳು ಪಕ್ಕದ ಹೊಲಿಗೆಯಲ್ಲಿ ಸಾಮಾನ್ಯವಾಗಿ ಬಟ್ಟೆ ಬಿಟ್ಟಿರುತ್ತಾರೆ, ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಒಳಸಾಲು ಒಂದನ್ನು ಬಿಚ್ಚಿ ನೋಡಿ. ಎರಡೂ ಪಕ್ಕ ಅರ್ಧರ್ಧ ಇಂಚು ಸಿಕ್ಕರೂ ಉಸಿರಾಡುವಷ್ಟು ಸಡಿಲ ಆಗುತ್ತದೆ. ಒಂದು ತೊಡಕಿದೆ. ಹೊರಗಿನ ಬಟ್ಟೆ ಮಾಸಿ, ಒಳಗೆ ಅಡಗಿದ್ದ ಬಟ್ಟೆ ಹೊಸತಾಗಿಯೇ ಇರುವುದರಿಂದ ಕಂಕುಳ ಕೆಳಗೆ ಕಡು ಬಣ್ಣದ ಪಟ್ಟಿ ಕಾಣಬಹುದು. ಎಡಗಡೆ ಸೆರಗು ಮುಚ್ಚುತ್ತದೆ, ಬಲಗಡೆ ಮುಚ್ಚುವುದಿಲ್ಲ. ಬಲಗೈ ಎತ್ತಿ ಬೋರ್ಡ್ ಮೇಲೆ ಬರೆಯುವವರು ನೀವು. ಕಿಟಕಿ ಬೆಳಕಿನಲ್ಲಿ ಒಮ್ಮೆ ನೋಡಿ ತೀರ್ಮಾನಿಸಿ.

ಹೊಸದೇ ಹೊಲಿಸುವುದಾದರೆ ಹಿಂಬದಿ ಕತ್ತು ತೀರ ಇಳಿಸಬೇಡಿ. ಕ್ಲಾಸಿನಲ್ಲಿ ಅರ್ಧ ಹೊತ್ತು ನಿಮ್ಮ ಬೆನ್ನೇ ಮಕ್ಕಳ ಕಡೆಗಿರುತ್ತದೆ. ಟೈಲರ್‌ಗೆ ಬೇಕಾದ ದಿನಕ್ಕಿಂತ ಮೂರು ದಿನ ಮುಂಚಿನ ತಾರೀಖು ಹೇಳಿ. ಹಬ್ಬದ ಸಮಯವಾದರೆ ಒಂದು ವಾರ ಮುಂಚಿನದು. ‘ನಾಳೆ ಬನ್ನಿ ಅಕ್ಕಾ’ ಅನ್ನುವುದು ಅವರ ಹುಟ್ಟುಗುಣ.

ಪ್ರಶ್ನೆ: ನನ್ನ ಇಂಟರ್‌ವ್ಯೂ ವಿಡಿಯೊ ಕಾಲ್‌ನಲ್ಲಿ. ಮೇಲೆ ಮಾತ್ರ ಚೆನ್ನಾಗಿದ್ದರೆ ಸಾಕಲ್ವಾ?

ಉತ್ತರ: ಸಾಕು. ಆದರೆ ಚಾರ್ಜರ್ ತರಲು ಎದ್ದರೆ ಕಥೆ ಮುಗೀತು, ಹಾಗಾಗಿ ಪೂರ್ತಿ ಹಾಕಿಕೊಳ್ಳಿ. ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ, ಕ್ಯಾಮೆರಾದಲ್ಲಿ ಅವು ಅಲೆಅಲೆಯಾಗಿ ಮಿನುಗುತ್ತವೆ. ಅಚ್ಚ ಬಿಳಿ ಹಾಕಿದರೆ ಮುಖ ಕಪ್ಪಿಟ್ಟ ಹಾಗೆ ಕಾಣಬಹುದು. ಸಾದಾ ನೀಲಿ, ಹಸಿರು, ಮೆರೂನ್ ಯಾವುದಾದರೂ ಸರಿ. ಹಿಂದಿನ ದಿನ ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ.

ಪ್ರಶ್ನೆ: ಫೈನಾನ್ಸ್‌ನಲ್ಲಿ ಹತ್ತು ವರ್ಷ ಅನುಭವ ಇದೆ. ಮ್ಯಾನೇಜರ್ ಹುದ್ದೆಯ ಕೊನೆಯ ಸುತ್ತಿಗೆ ‘ಫಾರ್ಮಲ್ಸ್’ ಅಂದಿದ್ದಾರೆ. ನಾನು ಸ್ವಲ್ಪ ದಪ್ಪ. ಬ್ಲೇಜರ್ ಎದೆಗೆ ಸರಿಯಾದರೆ ಭುಜ ಜೋತುಬೀಳುತ್ತದೆ, ಭುಜಕ್ಕೆ ಸರಿಯಾದರೆ ಬಟನ್ ಕೂರುವುದಿಲ್ಲ. ಒಂದು ಅಂಗಡಿಯಲ್ಲಂತೂ ಒಳಗೆ ಕಾಲಿಡುತ್ತಿದ್ದ ಹಾಗೇ ‘ನಿಮ್ಮ ಸೈಜ್ ಇಲ್ಲ’ ಅಂದುಬಿಟ್ಟರು. ತುಂಬಾ ಬೇಜಾರಾಯಿತು.

ಉತ್ತರ: ಬೇಜಾರಾಗುವಂಥದ್ದೇ. ಆದರೆ ತಪ್ಪು ನಿಮ್ಮ ಮೈಯದ್ದಲ್ಲ, ಅವರ ಅಳತೆ ಪಟ್ಟಿಯದ್ದು. ರೆಡಿಮೇಡ್‌ನಲ್ಲಿ ಸೈಜ್ ದೊಡ್ಡದಾದಂತೆ ಎದೆಯ ಜೊತೆಗೆ ಭುಜವೂ ದೊಡ್ಡದಾಗುತ್ತಾ ಹೋಗುತ್ತದೆ. ನಿಜವಾದ ಹೆಂಗಸರ ಭುಜ ಹಾಗೆ ಬೆಳೆಯುವುದಿಲ್ಲ.

ಭುಜಕ್ಕೆ ಸರಿಯಾಗಿದ್ದನ್ನೇ ತಗೊಳ್ಳಿ, ಬಟನ್ ಹಾಕಬೇಡಿ. ತೆರೆದು ಹಾಕಿದ ಬ್ಲೇಜರ್ ಕೂಡ ಫಾರ್ಮಲ್ಲೇ. ಕೂರುವಾಗ ಗಂಡಸರೂ ಬಟನ್ ಬಿಚ್ಚಿಕೊಳ್ಳುತ್ತಾರೆ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೆ ನಿಲ್ಲಬೇಕು. ಎರಡೂ ಕೈ ಮುಂದೆ ಚಾಚಿದಾಗ ಬೆನ್ನು ಹಿಡಿಯಬಾರದು. ಒಳಗೆ ಹಾಕುವ ಟಾಪ್ ಸಾದಾ ಇರಲಿ, ಕಣ್ಣಿಗೆ ಬೀಳುವುದು ಅದೇ.

ಎರಡು ವಾರ ಸಮಯವಿದ್ದರೆ ಹೊಲಿಸುವುದು ಇನ್ನೂ ಒಳ್ಳೆಯದು. ಆದರೆ ಬ್ಲೌಸ್ ಹೊಲಿಯುವವರ ಹತ್ತಿರ ಬ್ಲೇಜರ್ ಹೊಲಿಸಬೇಡಿ, ಅದು ಬೇರೆಯೇ ವಿದ್ಯೆ. ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ ಸೂಟ್ ಹೊಲಿಯುವವರಿದ್ದಾರೆ. ಹೆಂಗಸರಿಗೆ ಹೊಲಿದ ಒಂದು ಪೀಸ್ ತೋರಿಸಿ ಅಂತ ಕೇಳಿ. ಪೂರ್ತಿ ಹೊಲಿಯುವ ಮುಂಚೆ ಒಂದು ಟ್ರಯಲ್ ಕೊಡದವರಿಗೆ ಅಡ್ವಾನ್ಸ್ ಕೊಡಬೇಡಿ.

ರೆಡಿಮೇಡ್ ತಗೊಂಡರೆ ಬಿಲ್ ಮೇಲೂ ಕಣ್ಣಿರಲಿ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500 ರೂಪಾಯಿ ದಾಟಿದರೆ ಜಿಎಸ್‌ಟಿ ಶೇ 18, ಅದರೊಳಗಾದರೆ ಶೇ 5. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ಸೇರಿಸಿದರೆ ಸುಮ್ಮನಿರಬೇಡಿ.

ಮನೆಗೆ ತಂದ ಮೇಲೆ ಒಂದು ಕೆಲಸವಿದೆ. ಹೊಸ ಬ್ಲೇಜರಿನ ಹಿಂದಿನ ಸೀಳನ್ನು ಗುಣಾಕಾರದ ಗುರುತಿನ ಹಾಗೆ ದಪ್ಪ ದಾರದಲ್ಲಿ ಹಿಡಿದಿರುತ್ತಾರೆ. ಅಂಗಡಿಯಲ್ಲಿ ಆಕಾರ ಕೆಡದಿರಲಿ ಅಂತ ಹಾಕಿದ ತಾತ್ಕಾಲಿಕ ಹೊಲಿಗೆ ಅದು. ಸಣ್ಣ ಕತ್ತರಿಯಲ್ಲಿ ತೆಗೆದುಬಿಡಿ. ತೋಳಿನ ಮೇಲೆ ಕಂಪನಿ ಚೀಟಿ ಹೊಲಿದಿದ್ದರೆ ಅದನ್ನೂ ತೆಗೆಯಿರಿ. ಆ ದಾರ, ಆ ಚೀಟಿ ಹಾಗೇ ಇಟ್ಟುಕೊಂಡು ಓಡಾಡುವ ದೊಡ್ಡ ಸಾಹೇಬರನ್ನೂ ಎಂ.ಜಿ. ರೋಡಿನಲ್ಲಿ ನೋಡಬಹುದು!

ಪ್ರಶ್ನೆ: ಮಗಳು ಇಂಟರ್‌ವ್ಯೂಗೆ ಹೊರಟರೆ ಕುಂಕುಮ ಬೇಡ, ಹೂ ಬೇಡ, ಬಳೆ ಬೇಡ ಅಂತಾಳೆ. ಬೋಳು ಬೋಳಾಗಿ ಹೋಗಬೇಕಾ? — ಒಬ್ಬ ತಾಯಿ, ಮಲ್ಲೇಶ್ವರ

ಉತ್ತರ: ಅಮ್ಮಾ, ಕುಂಕುಮ, ತಾಳಿ, ಕಾಲುಂಗುರದಿಂದ ಯಾರ ಕೆಲಸವೂ ತಪ್ಪಬಾರದು. ತಪ್ಪಿದರೆ ಆ ಕೆಲಸವೇ ಬೇಡ. ಗಾಜಿನ ಬಳೆ ಮಾತ್ರ ಮೇಜಿಗೆ ತಾಗಿ ಸದ್ದು ಮಾಡುತ್ತದೆ, ಅದೊಂದು ಬಿಡಲಿ. ಹೂವಿನ ವಿಷಯದಲ್ಲಿ ನಾನು ಮಗಳ ಕಡೆ. ಎಸಿ ರೂಮಿನಲ್ಲಿ ಮಲ್ಲಿಗೆ ಘಮ ಕೆಲವರಿಗೆ ತಲೆನೋವು ತರುತ್ತದೆ. ಸೆಂಟಿಗೂ ಇದೇ ಮಾತು. ಅವಳು ಏನೂ ಬೇಡ ಅಂದರೆ ಅದೂ ಸರಿಯೇ, ಒತ್ತಾಯ ಮಾಡಬೇಡಿ.

ಪ್ರಶ್ನೆ: ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸ್ಕೂಟರಿನಲ್ಲಿ ಹೋಗಬೇಕು. ಮಳೆಗಾಲ ಬೇರೆ. ಬಟ್ಟೆ ಕೆಡದ ಹಾಗೆ ತಲುಪೋದು ಹೇಗೆ?

ಉತ್ತರ: ಆ ದಿನ ಸ್ಕೂಟರ್ ಬಿಡಿ. ಬನಶಂಕರಿಯಿಂದ ಒಂದೇ ಸ್ಟೇಷನ್ ದೂರದ ಆರ್.ವಿ. ರೋಡಿನಲ್ಲಿ ಹಳದಿ ಮಾರ್ಗ ಸಿಗುತ್ತದೆ. 2025ರ ಆಗಸ್ಟ್‌ನಿಂದ ಅದು ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಓಡುತ್ತಿದೆ.

ಸ್ಕೂಟರೇ ಆಗಬೇಕೆಂದರೆ ಕಡು ಬಣ್ಣದ ಪ್ಯಾಂಟ್ ಹಾಕಿ, ಕೆಸರು ಸಿಡಿದರೂ ಕಾಣುವುದಿಲ್ಲ. ರೇನ್‌ಕೋಟಿನ ಜೊತೆ ಪ್ಯಾಂಟೂ ಇರುವ ಸೆಟ್ ತಗೊಳ್ಳಿ, ಬರೀ ಕೋಟಾದರೆ ತೊಡೆಯ ಮೇಲೆ ನೀರು ನಿಲ್ಲುತ್ತದೆ. ಹೆಲ್ಮೆಟ್ ಒಳಗೆ ತೆಳು ಕಾಟನ್ ಸ್ಕಾರ್ಫ್ ಕಟ್ಟಿ, ಕೂದಲು ತಲುಪಿದ ಮೇಲೆ ಬಾಚಿಕೊಳ್ಳಿ. ಮನೆಯಿಂದ ರಬ್ಬರ್ ಚಪ್ಪಲಿಯಲ್ಲೇ ಹೊರಡಿ. ಒಳ್ಳೆಯ ಶೂ ಬ್ಯಾಗಿನಲ್ಲಿರಲಿ, ಅದೂ ನಾಲ್ಕು ದಿನ ಮನೆಯಲ್ಲಿ ಹಾಕಿ ಓಡಾಡಿ ಪಳಗಿಸಿದ್ದು. ದೊಡ್ಡ ಕ್ಯಾಂಪಸ್‌ಗಳಲ್ಲಿ ಗೇಟಿನಿಂದ ಒಳಗೆ ಬಹಳ ದೂರ ನಡೆಯಬೇಕಾಗುತ್ತದೆ, ಹೊಸ ಶೂ ಅಲ್ಲೇ ಕಚ್ಚುತ್ತದೆ. ಪಾಸ್ ಮಾಡಿಸುವ ಸಾಲಿಗೂ ಸಮಯ ಬೇಕು, ಹಾಗಾಗಿ ಅರ್ಧ ಗಂಟೆ ಮುಂಚೆ ಮುಟ್ಟಿ. ಒದ್ದೆ ರೇನ್‌ಕೋಟಿಗೆ ಒಂದು ಪ್ಲಾಸ್ಟಿಕ್ ಕವರ್, ಒರಿಜಿನಲ್ ಮಾರ್ಕ್ಸ್ ಕಾರ್ಡಿಗೆ ಇನ್ನೊಂದು. ಎರಡನ್ನೂ ಒಂದೇ ಖಾನೆಯಲ್ಲಿ ತುರುಕಬೇಡಿ.